ಟ್ಯಾಂಕ್ ಮುಂದೆ ನಿಂತ ಹುಡುಗನ ಪ್ರಶ್ನೆ: ಮಡಿಕೇರಿಯ ‘ಸನ್ನಿ ಸೈಡ್’ ಮ್ಯೂಸಿಯಂನಲ್ಲಿ ಒಂದು ಬೆಳಿಗ್ಗೆ

ಮಡಿಕೇರಿಗೆ ಹೋಗ್ತಿದ್ದೀನಿ ಅಂತ ಹೋದ ಸಂಚಿಕೆಯಲ್ಲಿ ಹೇಳಿದ್ದೆನಲ್ಲ, ಹೋಗಿ ಬಂದೆ. ಇವತ್ತು ಅಲ್ಲಿನ ಜನರಲ್ ತಿಮ್ಮಯ್ಯ ಮ್ಯೂಸಿಯಂ ಬಗ್ಗೆ ಮಾತಾಡೋಣ.

ಅಂಗಳದಲ್ಲಿ ಸೇನೆಯ ಹಳೇ ಟ್ಯಾಂಕ್ ಇದೆ. ಬಂದವರೆಲ್ಲ ಮೊದಲು ಹೋಗೋದು ಅಲ್ಲಿಗೇ. ನಾನೂ ಫೋಟೊ ತೆಗೆಸಿಕೊಂಡೆ, ಸುಳ್ಳು ಯಾಕೆ ಹೇಳಲಿ. ಪಕ್ಕದಲ್ಲಿ ಏಳೆಂಟು ವರ್ಷದ ಹುಡುಗ ಅಪ್ಪನನ್ನ ಕೇಳಿದ: “ಇದು ಎಷ್ಟು ಜನರನ್ನ ಸಾಯಿಸಿದೆ ಅಪ್ಪಾ?” ಅಪ್ಪ, “ಇಲ್ಲಿ ಕ್ಯಾಮೆರಾ ನೋಡು ಮಗಾ” ಅಂದರು. ಒಳಗೆ ಹೋದ ಮೇಲೂ ಆ ಪ್ರಶ್ನೆ ನನ್ನ ಬೆನ್ನು ಬಿಡಲಿಲ್ಲ.

ಇದು 1906ರ ಮಾರ್ಚ್ 31ರಂದು ಹುಟ್ಟಿದ ಕೊಡಂದೇರ ತಿಮ್ಮಯ್ಯನವರ ಮನೆ. ಮುಂದೆ 1957ರಿಂದ 61ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದವರು. ಮ್ಯೂಸಿಯಂ ಆಗೋಕೆ ಮುಂಚೆ ಈ ಮನೆಯಲ್ಲಿ ಆರ್‌ಟಿಒ ಕಚೇರಿ ಇತ್ತು. ಜನರಲ್ ಮನೆಯಲ್ಲಿ ಡ್ರೈವಿಂಗ್ ಲೈಸೆನ್ಸ್! 2021ರ ಫೆಬ್ರವರಿ 6ರಂದು ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಮ್ಯೂಸಿಯಂ ಉದ್ಘಾಟಿಸಿದರು.

ಟ್ಯಾಂಕ್ ವಿಷಯಕ್ಕೆ ಬರ್ತೀನಿ. ತಿಮ್ಮಯ್ಯನವರ ಹೆಸರಿನ ಜೊತೆ ಟ್ಯಾಂಕ್ ಸೇರಿಕೊಂಡಿದ್ದು ಜೋಜಿಲಾದಲ್ಲಿ. ಅಲ್ಲಿ ಹೋದದ್ದು ಬೇರೆ ಜಾತಿಯವು, ಸ್ಟುವರ್ಟ್ ಅನ್ನೋ ಹಗುರ ಟ್ಯಾಂಕ್‌ಗಳು. 1948ರಲ್ಲಿ ಸುಮಾರು 11,500 ಅಡಿ ಎತ್ತರದ ಆ ಕಣಿವೆ ದಾರಿ ಎದುರಾಳಿಗಳ ಕೈಯಲ್ಲಿತ್ತು, ಲೇಹ್‌ಗೆ ರಸ್ತೆ ಕಡಿದುಹೋಗಿತ್ತು. ಸೆಪ್ಟೆಂಬರ್‌ನಲ್ಲಿ ಕಾಲಾಳುಗಳ ದಾಳಿ ವಿಫಲವಾಯ್ತು. ಆಗ ಟ್ಯಾಂಕ್‌ಗಳ ಮೇಲ್ಭಾಗ ಬಿಚ್ಚಿ, ಗುರುತು ಸಿಗದ ಹಾಗೆ ಗುಟ್ಟಾಗಿ ಜಮ್ಮು ಕಡೆಯಿಂದ ಬಾಲ್ತಾಲ್‌ಗೆ ಸಾಗಿಸಿದರು. ಅಲ್ಲಿಂದ ಮೇಲಕ್ಕೆ ದಾರಿ ಕಡಿದುಕೊಟ್ಟದ್ದು ಮದ್ರಾಸ್ ಸ್ಯಾಪರ್ಸ್, ಅಂದರೆ ನಮ್ಮ ಬೆಂಗಳೂರಿನ ಹಲಸೂರು ಕೆರೆ ಹತ್ತಿರ ಕೇಂದ್ರ ಇರೋ ಎಂಇಜಿಯವರು. ನವೆಂಬರ್ 1ರಂದು ಹಿಮದಲ್ಲಿ ಟ್ಯಾಂಕ್ ಮೇಲೆ ಹತ್ತಿತು. ಮೇಜರ್ ಜನರಲ್ ತಿಮ್ಮಯ್ಯ ಮುಂದಿನ ಟ್ಯಾಂಕ್‌ನಲ್ಲೇ ಇದ್ದರು. ಕಾಮರ್ಸ್ ಓದಿದ ನನಗೆ ಇದು ಗುಂಡಿನ ಕಥೆಗಿಂತ ಸಾಗಾಟದ ಕಥೆಯಾಗಿಯೇ ಕಾಣೋದು.

ಆದರೆ ಆ ಹುಡುಗನಿಗೆ ನಾನು ಹೇಳಬೇಕು ಅಂದುಕೊಂಡದ್ದು ಇದಲ್ಲ, ಕೊರಿಯಾ ಕಥೆ. 1953ರಲ್ಲಿ ಅಲ್ಲಿ ಕದನವಿರಾಮ ಆದಾಗ, ಸ್ವದೇಶಕ್ಕೆ ವಾಪಸ್ ಹೋಗಲ್ಲ ಅಂತ ಹಟ ಹಿಡಿದ ಯುದ್ಧಕೈದಿಗಳು ಉಳಿದುಬಿಟ್ಟರು. ಒಂದು ಕಡೆ 22,604 ಮಂದಿ, ಇನ್ನೊಂದು ಕಡೆ 359. ಅವರನ್ನ ಯಾರು ನೋಡಿಕೊಳ್ಳೋದು? ಐದು ತಟಸ್ಥ ದೇಶಗಳ ಆಯೋಗ ಆಯ್ತು, ಅಧ್ಯಕ್ಷರು ತಿಮ್ಮಯ್ಯ. ಕಾವಲಿಗೆ 5,000ಕ್ಕೂ ಹೆಚ್ಚು ಭಾರತೀಯ ಸೈನಿಕರು. ‘ಬನ್ನಿ ಮನೆಗೆ’ ಅಂತ ಮನವೊಲಿಸೋಕೆ ಆಯಾ ದೇಶದವರಿಗೆ 90 ದಿನದ ಅವಕಾಶ. ಕೈದಿಗಳಲ್ಲೇ ಗುಂಪುಗಾರಿಕೆ, ಹೊಡೆದಾಟ, ಕೊಲೆ. ಎರಡೂ ಪಕ್ಷದವರು ತಿಮ್ಮಯ್ಯನವರನ್ನೇ ಬೈದರು. ಕೊನೆಗೆ ಎರಡೂ ಕಡೆ ಬೇಡ ಅಂದ 88 ಮಂದಿ ನಮ್ಮ ಸೈನಿಕರ ಜೊತೆ ಹಡಗು ಹತ್ತಿ ಭಾರತಕ್ಕೇ ಬಂದುಬಿಟ್ಟರು.

ಸೈಪ್ರಸ್‌ನಲ್ಲೂ ಅಂಥದ್ದೇ ಕೆಲಸ. ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ದಂಡನಾಯಕರಾಗಿರುವಾಗಲೇ 1965ರ ಡಿಸೆಂಬರ್ 18ರಂದು ಅಲ್ಲೇ ತೀರಿಕೊಂಡರು. ಆ ದೇಶ ಅವರ ನೆನಪಿಗೆ ಅಂಚೆಚೀಟಿ ತಂತು.

ಮಾರ್ಚ್ 31ರ ಜಯಂತಿಗೆ ಇಲ್ಲಿ ಹಾರ, ಹೂಗುಚ್ಛ, ಭಾಷಣ ಇರುತ್ತೆ. ಇರಲಿ, ಬೇಕು. ಜೊತೆಗೆ ಅಂಗಳದಲ್ಲಿ ಎರಡು ಕುರ್ಚಿ ಹಾಕಿ. ಕೊಡಗಿನಲ್ಲಿ ಮಾಜಿ ಸೈನಿಕರಿಗೇನು ಬರವೇ? ಒಬ್ಬರನ್ನ ಅಲ್ಲಿ ಕೂರಿಸಿ, ಮಕ್ಕಳಿಗೆ ಏನು ಬೇಕಾದ್ರೂ ಕೇಳೋಕೆ ಬಿಡಿ. ಎಷ್ಟು ಜನ ಸತ್ತರು ಅಂತಲೂ ಕೇಳಲಿ. ಫೋಟೊ ತೆಗೆಯೋ ಅಪ್ಪನಿಗಿಂತ, ಮೈಕ್ ಹಿಡಿಯೋ ನನಗಿಂತ, ಉತ್ತರ ಕೊಡೋಕೆ ಅವರೇ ಸರಿ.

ಮುಂದಿನ ಜಯಂತಿಗೆ ರೆಕಾರ್ಡರ್ ತಗೊಂಡು ಹೋಗ್ತೀನಿ. ನಿಮ್ಮ ಮನೆಯಲ್ಲಿ ಮಾತಾಡೋಕೆ ಒಪ್ಪೋ ಮಾಜಿ ಸೈನಿಕರಿದ್ದರೆ ಅವರನ್ನೂ ಕರಕೊಂಡು ಬನ್ನಿ.