ಅಲ್ಪಸಂಖ್ಯೆಯ ಪಕ್ಷದ ಶಾಸಕನಿಂದ ಕೇಳಬೇಕಾದ ಲೆಕ್ಕ

ವಿಧಾನಸಭೆಯ ಅಧಿವೇಶನ ಮುಗಿದು ಶಾಸಕರು ತಮ್ಮ ಕ್ಷೇತ್ರಕ್ಕೆ ಮರಳಿದಾಗ ಮತದಾರರು ಕೇಳುವ ಮಾತು ಸಾಮಾನ್ಯವಾಗಿ ಒಂದೇ: “ನಮಗೇನು ತಂದಿರಿ?” ಆಳುವ ಪಕ್ಷದವರಾದರೆ ರಸ್ತೆ, ಸೇತುವೆ, ಆಸ್ಪತ್ರೆ ಎಂದು ಬೆರಳು ಮಡಿಸಿ ಎಣಿಸಬಲ್ಲರು. ಸಭೆಯಲ್ಲಿ ಒಬ್ಬರೋ ಇಬ್ಬರೋ ಮಾತ್ರ ಇರುವ ಪಕ್ಷದ ಶಾಸಕನು ಏನು ಹೇಳಬೇಕು? ಅವನ ಕೈಯಲ್ಲಿ ಮಂತ್ರಿಪದವಿಯಿಲ್ಲ, ಮಸೂದೆಯನ್ನು ಗೆಲ್ಲಿಸುವ ಮತಬಲವಿಲ್ಲ. ಹಾಗಾಗಿ ಅವನಿಗೆ ಮತ ಹಾಕಿದವರಿಗೆ ತಮ್ಮ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು ಎನ್ನಿಸುವುದು ಸಹಜ. ಈ ಭಾವನೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಸ್ವಲ್ಪ ವಿಚಾರ ಮಾಡೋಣ.

ಮೊದಲು ಸಂಖ್ಯೆಯ ಮಾತು. ನಮ್ಮ ವಿಧಾನಸಭೆಯ ಸದಸ್ಯರು 224 ಮಂದಿ. ಬಹುಮತಕ್ಕೆ 113 ಬೇಕು. 2023ರ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ 135, ಭಾರತೀಯ ಜನತಾ ಪಕ್ಷಕ್ಕೆ 66, ಜನತಾದಳಕ್ಕೆ 19 ಸ್ಥಾನಗಳು ಬಂದವು. ಇನ್ನೆರಡು ಪಕ್ಷಗಳಿಗೆ ಒಂದೊಂದು, ಪಕ್ಷೇತರರು ಇಬ್ಬರು. ಹಾಜರಿದ್ದು ಮತ ನೀಡುವವರ ಬಹುಮತದಿಂದಲೇ ಸಭೆಯ ತೀರ್ಮಾನವಾಗಬೇಕೆಂದು ಸಂವಿಧಾನದ 189ನೆಯ ಅನುಚ್ಛೇದ ಹೇಳುತ್ತದೆ. ಈ ತಕ್ಕಡಿಯಲ್ಲಿ ಒಬ್ಬನ ತೂಕ ಎಷ್ಟೆಂದು ಬೇರೆ ಹೇಳಬೇಕಾಗಿಲ್ಲ. ಆದರೆ ಸಭೆಯಲ್ಲಿ ಮತ ಎಣಿಸುವುದಷ್ಟೇ ನಡೆಯುವುದಿಲ್ಲ. ಕೇಳುವುದು, ಉತ್ತರ ಪಡೆಯುವುದು, ನಡೆದದ್ದನ್ನು ದಾಖಲೆಗೆ ಸೇರಿಸುವುದು, ಇವೂ ಅಲ್ಲಿಯ ಕೆಲಸಗಳೇ. ಸಭೆಯಲ್ಲಿ ಆಡಿದ ಮಾತಿಗಾಗಿ ಯಾವ ಸದಸ್ಯನನ್ನೂ ನ್ಯಾಯಾಲಯಕ್ಕೆ ಎಳೆಯುವಂತಿಲ್ಲವೆಂದು 194ನೆಯ ಅನುಚ್ಛೇದ ಕೊಟ್ಟಿರುವ ರಕ್ಷಣೆ ಮುಖ್ಯಮಂತ್ರಿಗೆ ಎಷ್ಟೋ ಒಂಟಿ ಸದಸ್ಯನಿಗೂ ಅಷ್ಟೇ.

ಇವನಿಗಿರುವ ಸಾಧನಗಳಲ್ಲಿ ಮುಖ್ಯವಾದುದು ಪ್ರಶ್ನೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿಗಳು ಸಭೆಯಲ್ಲಿ ಬಾಯಿಮಾತಿನಲ್ಲಿ ಉತ್ತರ ಕೊಡುತ್ತಾರೆ. ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಉತ್ತರ ಬರಹದಲ್ಲಿ ಬರುತ್ತದೆ. “ಈ ತಾಲ್ಲೂಕಿನ ಪ್ರೌಢಶಾಲೆಗಳಲ್ಲಿ ಖಾಲಿ ಇರುವ ಅಧ್ಯಾಪಕರ ಹುದ್ದೆಗಳೆಷ್ಟು? ಅವನ್ನು ಯಾವಾಗ ತುಂಬಲಾಗುವುದು?” ಎಂದು ಶಾಸಕನೊಬ್ಬ ಕೇಳಿದನೆನ್ನಿ. ಮೊದಲ ಭಾಗಕ್ಕೆ ಒಂದು ಅಂಕಿ ಬರುತ್ತದೆ. ಊರಿನವರೆಲ್ಲ ಬಲ್ಲ ಕೊರತೆ ಆಗ ಸರ್ಕಾರವೇ ಒಪ್ಪಿದ ಸಂಗತಿಯಾಗುತ್ತದೆ. ಎರಡನೆಯ ಭಾಗಕ್ಕೆ “ಪರಿಶೀಲಿಸಲಾಗುತ್ತಿದೆ” ಎಂಬ ಉತ್ತರ ಬರಬಹುದು. ವ್ಯಾಕರಣ ಕಲಿಸುವ ನಮಗೆ ಇದು ಪರಿಚಿತವಾದ ಕರ್ಮಣಿ ಪ್ರಯೋಗ: ಕ್ರಿಯೆ ಇದೆ, ಕರ್ತೃ ಕಾಣುವುದಿಲ್ಲ. ಪರಿಶೀಲಿಸುತ್ತಿರುವವರು ಯಾರು, ಮುಗಿಯುವುದು ಎಂದು, ಎಂದು ಕೇಳಿ ಆ ಕರ್ತೃವನ್ನು ಹೊರಗೆ ತರುವುದೇ ಉಪಪ್ರಶ್ನೆಯ ಕೆಲಸ. ಉತ್ತರ ಕೊಡುವಾಗ ಮಂತ್ರಿಗಳು “ಮಾಡಿಸಿಕೊಡುತ್ತೇವೆ” ಎಂದರೆ ಅದು ಭರವಸೆಯಾಗುತ್ತದೆ. ಇಂಥ ಭರವಸೆಗಳು ನೆರವೇರಿದವೋ ಇಲ್ಲವೋ ಎಂದು ನೋಡುವುದಕ್ಕೆಂದೇ ಸದನದ ಒಂದು ಸಮಿತಿಯಿದೆ.

ಪ್ರಶ್ನೆಯಲ್ಲದೆ ಗಮನ ಸೆಳೆಯುವ ಸೂಚನೆಯುಂಟು, ಶೂನ್ಯ ವೇಳೆಯುಂಟು, ರಾಜ್ಯಪಾಲರ ಭಾಷಣದ ಮೇಲಣ ಚರ್ಚೆಯುಂಟು. ಆಯವ್ಯಯದ ಕಾಲದಲ್ಲಿ ಇಲಾಖೆಯ ಬೇಡಿಕೆಯನ್ನು ಇಷ್ಟು ತಗ್ಗಿಸಬೇಕೆಂದು ಕಡಿತ ಸೂಚನೆ ತರಬಹುದು. ಅದು ಬಿದ್ದುಹೋಗುವುದು ಖಂಡಿತವಾದರೂ ಆ ನೆಪದಲ್ಲಿ ಇಲಾಖೆಯ ಲೋಪ ಬೆಳಕಿಗೆ ಬರುತ್ತದೆ. ಇವನ ಕಷ್ಟವನ್ನೂ ಮರೆಯಬಾರದು. ದೊಡ್ಡ ಚರ್ಚೆಗಳಲ್ಲಿ ಪಕ್ಷಗಳ ಬಲ ನೋಡಿ ಕಾಲ ಹಂಚುವುದರಿಂದ ಇವನ ಪಾಲಿಗೆ ಬರುವುದು ಕೆಲವೇ ನಿಮಿಷ. ಗದ್ದಲದಲ್ಲಿ ಸಭೆ ಮುಂದಕ್ಕೆ ಹೋದರೆ ಆ ನಿಮಿಷಗಳೂ ಕೈತಪ್ಪುತ್ತವೆ. ಗದ್ದಲದಿಂದ ಹೆಚ್ಚು ನಷ್ಟವಾಗುವುದು ಚಿಕ್ಕ ಪಕ್ಷಕ್ಕೇ.

ಇಷ್ಟು ಅಲ್ಪ ಸಾಧನಗಳಿಂದ ಏನಾದೀತು ಎನ್ನುವವರಿಗೆ ನಮ್ಮ ನಾಡಿನದೇ ನಿದರ್ಶನವಿದೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಗೇಣಿಯ ಭತ್ತ ಅಳೆಯುವ ಕೊಳಗ ಧಣಿಗಳ ಮನೆಯಲ್ಲಿ ದೊಡ್ಡದಾಗಿತ್ತೆಂಬುದೇ ಜಗಳದ ಒಂದು ಮೂಲ. ಆ ಹೋರಾಟದಲ್ಲಿ ಸೆರೆಮನೆ ಕಂಡ ಶಾಂತವೇರಿ ಗೋಪಾಲಗೌಡರು 1952ರ ಮೊದಲ ಮಹಾಚುನಾವಣೆಯಲ್ಲಿ ಸಾಗರ–ಹೊಸನಗರ ಕ್ಷೇತ್ರದಿಂದ ಗೆದ್ದು ಮೈಸೂರು ವಿಧಾನಸಭೆಗೆ ಬಂದರು. ಅಂದಿನ ಸಭೆಯ 99 ಸ್ಥಾನಗಳಲ್ಲಿ ಕಾಂಗ್ರೆಸ್ಸಿನವು 74, ಸಮಾಜವಾದಿಗಳವು ಮೂರು. ಉಳುವವನಿಗೆ ಭೂಮಿ ಸೇರಬೇಕೆಂದೂ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬರಬೇಕೆಂದೂ ಗೌಡರು ವಾದಿಸುತ್ತ ಬಂದರು. 1957ರಲ್ಲಿ ಸೋತರು. 1961ರ ಭೂಸುಧಾರಣಾ ಶಾಸನವಾಗುವಾಗ ಅವರು ಸಭೆಯಲ್ಲಿರಲಿಲ್ಲ. 1962ರಲ್ಲಿಯೂ 1967ರಲ್ಲಿಯೂ ತೀರ್ಥಹಳ್ಳಿಯ ಜನ ಅವರನ್ನು ಮತ್ತೆ ಕಳುಹಿಸಿದರು. ಮಂತ್ರಿಯಾಗಲಿಲ್ಲ, ಆಳುವ ಪಕ್ಷದಲ್ಲಿ ಕುಳಿತುಕೊಳ್ಳಲೂ ಇಲ್ಲ. 1972ರ ಜೂನ್ ತಿಂಗಳಲ್ಲಿ ತೀರಿಕೊಂಡರು.

1973ರ ನವೆಂಬರ್ 1ರಂದು ರಾಜ್ಯ ಕರ್ನಾಟಕವಾಯಿತು. ದೇವರಾಜ ಅರಸರ ಸರ್ಕಾರ ಭೂಸುಧಾರಣಾ ಶಾಸನವನ್ನು ತಿದ್ದಿದ ಮೇಲೆ, 1974ರ ಮಾರ್ಚ್ 1ರಿಂದ ಗೇಣಿ ಜಮೀನು ಸರ್ಕಾರದ ವಶಕ್ಕೆ ಬಂದು ಉಳುವವನ ಹೆಸರಿಗೆ ಆಗುವ ದಾರಿ ತೆರೆಯಿತು. ಇದು ಒಬ್ಬರ ಮಾತಿನಿಂದಲೇ ಆದದ್ದಲ್ಲ. ಹಲವರ ಹೋರಾಟ, ಬಹುಮತವುಳ್ಳ ಸರ್ಕಾರದ ಇಚ್ಛೆ ಎರಡೂ ಬೇಕಾದವು. ಆದರೂ 1953ರಲ್ಲೋ 1963ರಲ್ಲೋ “ನಮಗೇನು ತಂದಿರಿ?” ಎಂದಷ್ಟೇ ಕೇಳಿದ್ದರೆ ಗೌಡರ ಲೆಕ್ಕದ ಪುಸ್ತಕ ಬರಿದಾಗಿಯೇ ಕಾಣುತ್ತಿತ್ತು.

ಹಾಗಾದರೆ ಇಂಥ ಶಾಸಕನಿಂದ ನೀವು ಕೇಳಬೇಕಾದ ಲೆಕ್ಕ ಯಾವುದು? ಅಧಿವೇಶನ ಎಷ್ಟು ದಿನ ನಡೆಯಿತು, ನೀವು ಎಷ್ಟು ದಿನ ಇದ್ದಿರಿ? ಯಾವ ಪ್ರಶ್ನೆ ಕೇಳಿದಿರಿ, ಉತ್ತರವೇನು ಬಂತು? ಯಾವ ಭರವಸೆ ಸಿಕ್ಕಿತು, ಹಿಂದಿನ ಭರವಸೆ ಏನಾಯಿತು? ಯಾವ ಮಸೂದೆಗೆ ಸಮ್ಮತಿಸಿದಿರಿ, ಯಾವುದನ್ನು ವಿರೋಧಿಸಿದಿರಿ, ಏಕೆ? ಈ ನಾಲ್ಕಕ್ಕೆ ನೇರವಾಗಿ ಉತ್ತರ ಹೇಳಬಲ್ಲವನು ಸೋತು ಬಂದವನಲ್ಲ. “ನಮ್ಮ ಬಲ ಕಡಿಮೆ, ಏನೂ ಆಗಲಿಲ್ಲ” ಎಂದು ಕೈಚೆಲ್ಲುವವನು ಮಾತ್ರ ತನಗಿದ್ದ ಸಾಧನಗಳನ್ನು ಬಳಸಲಿಲ್ಲವೆಂದು ತಿಳಿಯಿರಿ.

ಮತದಾರನ ಪಾಲಿನ ಕೆಲಸವೂ ಇದೆ. ಒಳ್ಳೆಯ ಪ್ರಶ್ನೆ ಬೆಂಗಳೂರಿನಲ್ಲೋ ಬೆಳಗಾವಿಯಲ್ಲೋ ತಾನಾಗಿ ಹುಟ್ಟುವುದಿಲ್ಲ. ಕೆಟ್ಟ ಕೊಳವೆಬಾವಿಯ ಊರು ಯಾವುದು, ಬಾಗಿಲು ಮುಚ್ಚಿದ ಶಾಲೆ ಎಲ್ಲಿಯದು ಎಂಬ ವಿವರವನ್ನು ಅಧಿವೇಶನಕ್ಕೆ ಮೊದಲೇ ಬರೆದುಕೊಟ್ಟರೆ ಮಾತ್ರ ಶಾಸಕನ ಪ್ರಶ್ನೆಗೆ ಮೊನೆ ಬರುತ್ತದೆ.

ಕನ್ನಡದಲ್ಲಿ ಕಲ್ಲಿನ ಮೇಲೆ ಕೊರೆದ ಬರಹಕ್ಕೂ ಶಾಸನವೆನ್ನುತ್ತೇವೆ, ಸಭೆ ಮಾಡಿದ ಕಾಯಿದೆಗೂ ಶಾಸನವೆನ್ನುತ್ತೇವೆ. ಸಭೆಯ ನಡವಳಿಗಳಲ್ಲಿ ಅಚ್ಚಾದ ಪ್ರಶ್ನೆ ಕಾಯಿದೆಯಲ್ಲ. ಆದರೆ ಬರಹವಾಗಿ ಅದು ಉಳಿಯುತ್ತದೆ, ಮುಂದೆ ಬಹುಮತ ಪಡೆದವರೂ ಅದನ್ನು ಓದಬಹುದು.