ನಿಮಗಿದು ಗೊತ್ತೇ? ಎಕ್ಸೆಲ್, ಎಂ80 ಮತ್ತು ಕಪಿಲೆ ಸೀಮೆಯ ರಸ್ತೆ

● ನಂಜನಗೂಡು, ತಿ.ನರಸೀಪುರ ಎರಡೂ ಒಂದೇ ರಾಷ್ಟ್ರೀಯ ಹೆದ್ದಾರಿಯ ಮೇಲಿವೆ. ಕೇರಳದ ಕೋಯಿಕ್ಕೋಡಿನಿಂದ ಹೊರಡುವ 766ನೇ ಹೆದ್ದಾರಿ ಗುಂಡ್ಲುಪೇಟೆ, ನಂಜನಗೂಡು, ಮೈಸೂರು, ತಿ.ನರಸೀಪುರ ದಾಟಿ ಕೊಳ್ಳೇಗಾಲದಲ್ಲಿ ಮುಗಿಯುತ್ತದೆ. ಹಾಗಂತ ಟಿವಿಎಸ್ ಎಕ್ಸೆಲ್ ಮೊಪೆಡ್ ಇಟ್ಟುಕೊಂಡ ರೈತ ನಂಜನಗೂಡಿನಿಂದ ನರಸೀಪುರಕ್ಕೆ ಹೋಗಲು ಮೈಸೂರು ಸುತ್ತುವುದಿಲ್ಲ. ಸುತ್ತೂರು ಸೀಮೆಯ ಒಳರಸ್ತೆಗಳು ಇರುವುದೇ ಅವನಿಗಾಗಿ.

● ಮೈಸೂರಿನಿಂದ ನಂಜನಗೂಡಿಗೆ ಹೋಗುವಾಗ ಕಡಕೊಳದ ಬಳಿ ಬ್ಯಾತಹಳ್ಳಿಯಲ್ಲಿ ಸಿಗುವುದು ಟಿವಿಎಸ್ ಮೋಟಾರ್ ಕಾರ್ಖಾನೆ. ಕಂಪನಿಯ ಮೊದಲ ಮೊಪೆಡ್ ಟಿವಿಎಸ್ 50 ಮಾತ್ರ ಹೊರಬಂದದ್ದು 1980ರಲ್ಲಿ, ಹೊಸೂರಿನಿಂದ. ಇಬ್ಬರು ಕೂರಬಹುದಾದ ಮೊಪೆಡ್ ಎಂಬುದೇ ಆಗ ದೊಡ್ಡ ಸುದ್ದಿ.

● ದ್ವಿಚಕ್ರ ವಾಹನಗಳ ಜೊತೆ ಮೈಸೂರಿಗೆ ಅದಕ್ಕೂ ಹಳೆಯ ನಂಟಿದೆ. 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿದ ಯಾದವಗಿರಿಯ ಐಡಿಯಲ್ ಜಾವಾ, ದೊಡ್ಡ ಜಾವಾ, ಯೆಜ್ಡಿಗಳ ಜೊತೆಗೆ ಪುಟ್ಟ ಗಾಡಿಗಳನ್ನೂ ಮಾಡಿತ್ತು. ಅದರ ಜಾವಾ 250ರಲ್ಲಿ ಒಂದು ಜಾಣತನವಿತ್ತು: ಗೇರ್ ಪೆಡಲ್ ತುಳಿದರೆ ಕ್ಲಚ್ ತಾನೇ ಬಿಡಿಸಿಕೊಳ್ಳುತ್ತಿತ್ತು. ಕಿಕ್ಕರ್ ಕೂಡ ಅದೇ ಪೆಡಲ್!

● ಕ್ಲಚ್ ಹಿಡಿಕೆಯ ಕಾಟ ತಪ್ಪಿಸಿ ಜಗತ್ತು ಗೆದ್ದದ್ದು ಜಪಾನಿನ ಹೋಂಡಾ ಸೂಪರ್ ಕಬ್. 1958ರಲ್ಲಿ ಬಂತು, 2017ಕ್ಕೆ ಹತ್ತು ಕೋಟಿ ದಾಟಿತು. ಅದೇ ವಂಶದ ಹೀರೋ ಹೋಂಡಾ ಸ್ಟ್ರೀಟ್ 1997ರಲ್ಲಿ ನಮ್ಮಲ್ಲಿಗೂ ಬಂದಿತ್ತು. ಗೇರ್ ಇದೆ, ಕ್ಲಚ್ ಹಿಡಿಕೆ ಇಲ್ಲ. ನಮ್ಮವರು ಕೈಹಿಡಿಯಲಿಲ್ಲ. ಒಳ್ಳೆಯ ಗಾಡಿ, ಕೆಟ್ಟ ಕಾಲ ಎಂದೇ ನನ್ನ ಅಭಿಪ್ರಾಯ.

● ಎಕ್ಸೆಲ್‌ನಲ್ಲಿ ಗೇರೂ ಇಲ್ಲ. ಎಂಜಿನ್ ವೇಗ ಏರಿದಂತೆ ಕ್ಲಚ್ಚಿನ ಲೈನರುಗಳು ಹೊರಕ್ಕೆ ಅರಳಿ ಡ್ರಮ್ಮಿಗೆ ಕಚ್ಚುತ್ತವೆ, ಗಾಡಿ ಹೊರಡುತ್ತದೆ. ಇರುವುದೊಂದೇ ವೇಗದ ಹಲ್ಲು. ಏರಿನಲ್ಲಿ ತುಂಬಿದ ಗಾಡಿ ಏದುಸಿರು ಬಿಡುವುದೂ, ಹಿಂದೆ ಕೂತವರು ಇಳಿದು ನಡೆಯುವುದೂ ಇದರಿಂದಲೇ. ಲೈನರ್ ಸವೆದಿದೆಯೇ ಎಂದು ತಿಳಿಯಲು ಸೆಕೆಂಡ್ ಹ್ಯಾಂಡ್ ಗಾಡಿಯನ್ನು ಸಪಾಟು ರಸ್ತೆಯಲ್ಲಿ ಓಡಿಸಿ ನೋಡಿದರೆ ಸಾಲದು. ಒಬ್ಬರನ್ನು ಹಿಂದೆ ಕೂರಿಸಿಕೊಂಡು ಏರು ಹತ್ತಿಸಿ. ಎಂಜಿನ್ ಅರಚಿಕೊಂಡು ಗಾಡಿ ಮಾತ್ರ ತೆವಳಿದರೆ, ರೇಟು ಇಳಿಸಿ ಎನ್ನಿ.

● ಹಳೇ ಎಕ್ಸೆಲ್ ಸೂಪರ್ 69.9 ಸಿಸಿಯ ಟೂ ಸ್ಟ್ರೋಕ್. ಪೆಟ್ರೋಲಿಗೆ ಆಯಿಲ್ ಬೆರೆಸಲೇಬೇಕು. ಉರಿದ ಆಯಿಲಿನ ಮಸಿ ಸೈಲೆನ್ಸರಿನಲ್ಲಿ ಕಟ್ಟಿಕೊಂಡರೆ ಪಿಕಪ್ ಬಿದ್ದುಹೋಗುತ್ತದೆ. ಎಂಜಿನ್ ಬಿಚ್ಚಬೇಕು ಎಂದು ಮೆಕ್ಯಾನಿಕ್ ಹೇಳುವ ಮುಂಚೆ ಸೈಲೆನ್ಸರ್ ತೆಗೆಸಿ ನೋಡಿ. 2015ರಲ್ಲಿ ಬಂದ ಎಕ್ಸೆಲ್ 100 ಫೋರ್ ಸ್ಟ್ರೋಕ್, 99.7 ಸಿಸಿ. ಅದಕ್ಕೆ ಈ ಬೆರಕೆಯ ತಾಪತ್ರಯವಿಲ್ಲ.

● ಎಕ್ಸೆಲ್ 100ರ ಹಿಂದಿನ ಸೀಟು ಕಳಚಿ ಇಡಬಹುದು. ಹಾಲಿನ ಕ್ಯಾನು, ಹಸಿ ಹುಲ್ಲಿನ ಹೊರೆ, ನಂಜನಗೂಡಿನ ರಸಬಾಳೆ ಗೊನೆ ಎಲ್ಲಕ್ಕೂ ಅಲ್ಲೇ ಜಾಗ. ಇನ್ನು ಕಾಲಿನ ನಡುವಿನ ಬಯಲಂತೂ ಗೊಬ್ಬರದ ಮೂಟೆಗೆಂದೇ ಮೀಸಲು. ಮೋಟಾರ್ ಸೈಕಲ್ಲಿನಲ್ಲಿ ಅಲ್ಲಿ ಟ್ಯಾಂಕ್ ಕೂತಿರುತ್ತದೆ. ಈ ಗಾಡಿ ಕೊಳ್ಳಲು ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

● ಹೊರೆ ಹೆಚ್ಚಾದಷ್ಟೂ ಬ್ರೇಕಿಗೆ ದೂರ ಬೇಕು. ಎರಡೂ ಚಕ್ರಕ್ಕೆ ಇರುವುದು ಡ್ರಮ್ ಬ್ರೇಕ್. ಹಿಂಭಾರ ಅತಿಯಾದರೆ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ಅಲುಗಾಡುತ್ತದೆ. ಭಾರವಾದ ಮೂಟೆ ನಡುವೆ ಇರಲಿ, ಹಗುರಾದದ್ದು ಹಿಂದೆ.

● ವೆಲ್ಡಿಂಗ್ ಅಂಗಡಿಯಲ್ಲಿ ಕ್ಯಾರಿಯರ್ ಕೂರಿಸುವುದು ಒಂದು, ಚಾಸಿಯನ್ನೇ ಕತ್ತರಿಸಿ ಗಾಡಿ ಕಟ್ಟಿಸುವುದು ಇನ್ನೊಂದು. ಕಂಪನಿ ಕೊಟ್ಟ ಮೂಲ ವಿನ್ಯಾಸ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಅದೇ ವರ್ಷದ ತಿದ್ದುಪಡಿ ಕಾಯ್ದೆ ಮಾಲೀಕನಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡನ್ನೂ ಇಟ್ಟಿದೆ.

● ಹದಿನಾರಕ್ಕೇ ಲೈಸೆನ್ಸ್ ಸಿಗುವುದು 50 ಸಿಸಿ ಮೀರದ ಗಾಡಿಗೆ ಮಾತ್ರ. ಎಕ್ಸೆಲ್ ಸೂಪರ್, ಎಕ್ಸೆಲ್ 100 ಎರಡೂ ಆ ಗೆರೆಯಾಚೆ. ‘ಮೊಪೆಡ್ ತಾನೇ’ ಎಂದು ಹೈಸ್ಕೂಲ್ ಮಗನಿಗೆ ಕೀಲಿ ಕೊಟ್ಟ ಅಪ್ಪನಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಕಾದಿದೆ.

● ಬಜಾಜ್ ಎಂ80ಯ ಗೇರ್ ಇರುವುದು ಕೈಯಲ್ಲಿ, ಸ್ಕೂಟರಿನಂತೆ. ಕೇರಳದಲ್ಲಿ ಡ್ರೈವಿಂಗ್ ಟೆಸ್ಟಿಗೆ ಬಹುಕಾಲ ಬಂದವರೆಲ್ಲ ಏರುತ್ತಿದ್ದುದು ಇದನ್ನೇ. 2024ರಲ್ಲಿ ಕಾಲಿನ ಗೇರ್ ಕಡ್ಡಾಯವಾಗಿ ಎಂ80ಗೆ ಅಲ್ಲಿ ನಿವೃತ್ತಿಯಾಯಿತು.

● ಬೆಂಗಳೂರಿನಲ್ಲಿ ಗಾಡಿ ಕೊಂಡು ಓಡಿಸಿಕೊಂಡೇ ಬರುತ್ತೀರಾ? ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯೇ ಗತಿ. ಎಕ್ಸೆಲ್ ಸವಾರರಿಗೆ ನಷ್ಟವೇನಿಲ್ಲ, ಟೀ ಅಂಗಡಿಗಳಿರುವುದೂ ಅಲ್ಲೇ.

● ನಂಜನಗೂಡಿನಿಂದ ಊಟಿಯತ್ತ ಹೊರಟವರಿಗೆ: ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್, 2009ರಿಂದ ಹೀಗೇ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೂ ಸ್ವಂತ ಗಾಡಿ ಬಿಡುವುದಿಲ್ಲ. ಬುಡದಲ್ಲಿ ನಿಲ್ಲಿಸಿ ಸರ್ಕಾರಿ ಬಸ್ ಹತ್ತಬೇಕು. ಒಂದೇ ಹಲ್ಲಿನ ಗಾಡಿಗೆ ಹೇಳಿ ಮಾಡಿಸಿದ ದಾರಿ ಸೋಮನಾಥಪುರ, ತಲಕಾಡು, ಮುಡುಕುತೊರೆ. ಮೂರೂ ತಿ.ನರಸೀಪುರ ತಾಲ್ಲೂಕಿನಲ್ಲೇ ಇವೆ. ಸೋಮನಾಥಪುರದ ಕೇಶವ ದೇಗುಲ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದೆ.

● ಕೊನೆಯದು, ಕೊಳ್ಳುವವರಿಗಿಂತ ಮಾರುವವರಿಗೆ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. ನೀವು ಮಾರಿದ ಎಕ್ಸೆಲ್ ನಾಳೆ ಯಾರಿಗೋ ಗುದ್ದಿದರೆ ಪರಿಹಾರದ ನೋಟಿಸ್ ನಿಮ್ಮ ಮನೆಗೇ ಬರುತ್ತದೆ. ರಾಜ್ಯದೊಳಗಿನ ಮಾರಾಟವನ್ನು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಫಾರಂ 29, 30ಕ್ಕೆ ಸಹಿ ಹಾಕಿ ಸಲ್ಲಿಸುವವರೆಗೆ ಕೀಲಿ ಕೊಡಬೇಡಿ.