ಹಳೆಯ ಟ್ರ್ಯಾಕ್ಟರು ಕೊಳ್ಳುವ ಮುನ್ನ

ಎತ್ತು ಕೊಳ್ಳಲು ಸಂತೆಗೆ ಹೋದ ನಮ್ಮ ಹಿರಿಯರು ಅದರ ಹಲ್ಲು ಎಣಿಸುತ್ತಿದ್ದರು, ಸುಳಿ ನೋಡುತ್ತಿದ್ದರು, ನಾಲ್ಕು ಹೆಜ್ಜೆ ನಡೆಸಿ ಕಾಲು ಪರೀಕ್ಷಿಸುತ್ತಿದ್ದರು. ಇಷ್ಟಾದ ಮೇಲೂ ಅದು ಯಾವ ಊರಿನ, ಯಾರ ಕೊಟ್ಟಿಗೆಯ ಎತ್ತು ಎಂದು ಕೇಳದೆ ರೊಕ್ಕ ಬಿಚ್ಚುತ್ತಿರಲಿಲ್ಲ. ಅದಕ್ಕಿಂತ ಎಷ್ಟೋ ಪಟ್ಟು ಬೆಲೆಯ ಹಳೆಯ ಟ್ರ್ಯಾಕ್ಟರು ಕೊಳ್ಳುವಾಗ ಮಾತ್ರ ನಾವು ಹೊಸ ಬಣ್ಣಕ್ಕೆ ಮರುಳಾಗುತ್ತೇವೆ.

ಯಂತ್ರವಿದ್ಯೆ ನಾನು ಓದಿದ ಶಾಸ್ತ್ರವಲ್ಲ. ಆದರೆ ನನ್ನ ತಮ್ಮನ ಮಗನು ಸಾಲ ಮಾಡಿ ತಂದ ಹಳೆಯ ನಾಲ್ಕುಗಾಲಿ ಚಾಲನೆಯ ಟ್ರ್ಯಾಕ್ಟರು ಮೊದಲ ಮಳೆಗೇ ಮುಂಭಾಗದ ಗೇರು ಮುರಿದುಕೊಂಡು ನಿಂತಿತು. ರಿಪೇರಿ ಮುಗಿಯುವಷ್ಟರಲ್ಲಿ ಹೆಸರು ಬಿತ್ತುವ ಹದ ಕಳೆದುಹೋಗಿತ್ತು. ಸಾಲದ ಕಂತಿಗೆ ಮನೆಯ ಹೆಣ್ಣುಮಕ್ಕಳ ಬಂಗಾರ ಅಡವಾಯಿತು. ಆಮೇಲೆ ಅನುಭವಿ ಮಿಸ್ತ್ರಿಗಳಿಂದ ಕೇಳಿ ತಿಳಿದುದನ್ನು ಇಲ್ಲಿ ನಿವೇದಿಸುತ್ತೇನೆ.

ನವಲಗುಂದ, ಅಣ್ಣಿಗೇರಿ ಭಾಗದ ಎರೆಭೂಮಿಯು ತೊಯ್ದಾಗ ಗಾಲಿಗೆ ಮೆತ್ತಿಕೊಳ್ಳುವುದು ಎಲ್ಲರಿಗೂ ತಿಳಿದದ್ದೇ. ಅಲ್ಲಿ ಮುಂಗಾಲಿಗಳೂ ಎಳೆಯುವ ಟ್ರ್ಯಾಕ್ಟರು ನಿಜಕ್ಕೂ ಉಪಕಾರಿ. ಆದರೆ ಅದು ಹಿಂದೆ ಎಲ್ಲಿ ದುಡಿದಿತ್ತೆಂಬುದೇ ಮೊದಲ ಪ್ರಶ್ನೆಯಾಗಬೇಕು. ಗಂಗಾವತಿ, ಸಿಂಧನೂರುಗಳ ಕೆಸರುಗದ್ದೆಯಲ್ಲಿ ದುಡಿದಿದ್ದರೆ ಮುಂಗಾಲಿಯ ಬುಡದ ಆಯಿಲ್ ಸೀಲು ಸವೆದು, ಒಳಗೆ ನೀರು ಸೇರಿರುವ ಸಂಭವವುಂಟು. ಕೆಳಗಿನ ಬಿರಡೆಯನ್ನು ತುಸು ಸಡಿಲಿಸಿ ನೋಡಿರಿ. ಹಾಲು ಬೆರೆತಂತೆ ಬೆಳ್ಳಗಾದ ಎಣ್ಣೆ ಬಂದರೆ ಒಳಗಿನ ಗೇರು, ಬೇರಿಂಗುಗಳು ಕೆಟ್ಟಿರಬಹುದು. ಬೆಳಗಾವಿ, ಬಾಗಲಕೋಟೆ ಕಡೆಯಲ್ಲಿ ಕಬ್ಬಿನ ಟ್ರೇಲರು ಎಳೆದದ್ದಾದರೆ ಕ್ಲಚ್ಚು, ಬ್ರೇಕುಗಳನ್ನು ಚೆನ್ನಾಗಿ ಪರೀಕ್ಷಿಸಿರಿ.

ಟಾಯರುಗಳ ವಿಷಯದಲ್ಲಿ ಅಲಕ್ಷ್ಯ ಸಲ್ಲದು. ಇಂಥ ಟ್ರ್ಯಾಕ್ಟರಿನ ಮುಂಗಾಲಿಗಳು ಹಿಂಗಾಲಿಗಳಿಗಿಂತ ಶೇ. 1ರಿಂದ 5ರಷ್ಟು ಮುಂದಾಗಿ ಸಾಗುವಂತೆ ರಚಿತವಾಗಿರುತ್ತವೆ. ಬೇರೆ ಅಳತೆಯ ಟಾಯರು ಹಾಕಿದ್ದರೆ, ಅಥವಾ ಒಂದು ಜೋಡಿ ಹೊಸದು, ಇನ್ನೊಂದು ಪೂರ್ತಿ ಸವೆದದ್ದು ಆಗಿದ್ದರೆ ಈ ಲೆಕ್ಕ ತಪ್ಪಿ, ಗೇರುಗಳ ಮೇಲೆ ಎಳೆತ ಬೀಳುತ್ತದೆ. ಗಟ್ಟಿ ರಸ್ತೆಯ ಮೇಲೆ ನಾಲ್ಕುಗಾಲಿ ಲಿವರು ಹಾಕಿಯೇ ಓಡಿಸಿದರೂ ಇದೇ ಹಾನಿ. ಮುಂಗಾಲಿಯನ್ನು ಜಾಕಿನಿಂದ ಎತ್ತಿ ಅಲುಗಾಡಿಸಿದರೆ ಬೇರಿಂಗು, ಬುಶ್ಶುಗಳ ಸಡಿಲು ಕೈಗೇ ತಿಳಿಯುತ್ತದೆ.

ಎಂಜಿನು ತಣ್ಣಗಿರುವಾಗ ಹೋಗುವುದು ಜಾಣತನ. ಮಾರುವವರು ಮೊದಲೇ ಚಾಲೂ ಮಾಡಿ ಬಿಸಿ ಮಾಡಿಟ್ಟಿದ್ದರೆ ಮರುದಿನ ಬರುತ್ತೇವೆಂದು ಹೇಳಿರಿ. ನೀಲಿ ಹೊಗೆ ನಿಲ್ಲದೆ ಬಂದರೆ ಎಂಜಿನು ಎಣ್ಣೆ ಸುಡುತ್ತಿದೆಯೆಂದು ತಿಳಿಯಬೇಕು. ಗಂಟೆ ತೋರಿಸುವ ಮೀಟರನ್ನು ಬದಲಿಸಬಹುದು. ಆದ್ದರಿಂದ ಪೆಡಲುಗಳ ಸವೆತವನ್ನೂ ನೋಡಿರಿ. ಭಾರ ಹೊತ್ತ ಹೈಡ್ರಾಲಿಕ್ಕು ಎತ್ತಿದ ಮೇಲೆ ತಾನಾಗಿ ಬೇಗ ಇಳಿಯಬಾರದು.

ಕೊನೆಗೆ ಅದನ್ನು ಹೊಲಕ್ಕಿಳಿಸಿ, ನೇಗಿಲು ಕಟ್ಟಿ ಒಂದು ಗಂಟೆಯಾದರೂ ಉಳುಮೆ ಮಾಡಿಸಿರಿ. ಲಿವರು ಹಾಕಿದಾಗ ಮುಂಗಾಲಿಗಳು ನೆಲವನ್ನು ಹಿಡಿಯುತ್ತವೆಯೇ, ತಿರುವಿನಲ್ಲಿ ಕಟಕಟ ಸದ್ದು ಬರುತ್ತದೆಯೇ ಎಂಬುದು ಅಂಗಳದಲ್ಲಿ ತಿಳಿಯದು.

ಕಾಗದಪತ್ರಗಳನ್ನೂ ಮರೆಯಬಾರದು. ಚಾಸಿ ಮತ್ತು ಎಂಜಿನಿನ ನಂಬರುಗಳು ಆರ್‌.ಸಿ.ಯೊಂದಿಗೆ ಹೊಂದಬೇಕು. ಅದರಲ್ಲಿ ಬ್ಯಾಂಕಿನ ಸಾಲದ ನಮೂದಿದ್ದರೆ, ಸಾಲ ತೀರಿದ್ದಕ್ಕೆ ಬ್ಯಾಂಕು ಸಹಿ ಮಾಡಿದ ನಮೂನೆ 35 ದೊರೆಯುವವರೆಗೆ ಪೂರ್ತಿ ಹಣ ಕೊಡಬೇಡಿರಿ. ಹೆಸರು ವರ್ಗಾವಣೆಗೆ ನಮೂನೆ 29 ಮತ್ತು 30 ಬೇಕು. ಕೊಂಡವರು 30 ದಿನಗಳೊಳಗೆ ಆರ್‌.ಟಿ.ಓ. ಕಚೇರಿಗೆ ತಿಳಿಸಬೇಕು.

ಪರಿಚಿತ ಮಿಸ್ತ್ರಿಯೊಬ್ಬನಿಗೆ ಒಂದು ದಿನದ ಕೂಲಿ ಕೊಟ್ಟು ಜೊತೆಗೆ ಕರೆದೊಯ್ಯುವುದು ಖರ್ಚಲ್ಲ. ಮಾರುವವರ ಮಾತಿಗೆ ಸಂಕೋಚಪಟ್ಟು ಸುಮ್ಮನಿದ್ದರೆ ಅದರ ಫಲವನ್ನು ಮನೆಮಂದಿಯೆಲ್ಲ ಉಣ್ಣಬೇಕಾಗುತ್ತದೆ. ಕೇಳುವುದು ಅವಿನಯವಲ್ಲ, ಕೇಳಿ, ನೋಡಿ, ಉಳಿಸಿ, ಆನಂತರವೇ ಬಯಾನ ಕೊಡುವುದು ಗೃಹಸ್ಥನ ಕರ್ತವ್ಯ.